ಆಗುಂಬೆಯಲ್ಲಿ ಪಳಗಿದ ಕೈ ಬಾರಾಲಾಚಾದ ಹಿಮಕ್ಕೆ ಸಾಕೇ?

ಪ್ರಶ್ನೆ: ನಾವು ಉಡುಪಿ ಬಳಿಯವರು. ದಸರಾ ರಜೆಯಲ್ಲಿ ನಮ್ಮದೇ ಡೀಸೆಲ್ ಕಾರಿನಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗುವ ಆಲೋಚನೆ ಇದೆ. ಕಾರು ಫ್ರಂಟ್ ವೀಲ್ ಡ್ರೈವ್, ಮ್ಯಾನುವಲ್ ಗೇರ್. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು. ಆಗುಂಬೆ, ಚಾರ್ಮಾಡಿ, ಬಾಳೆಬರೆ ಘಾಟಿಗಳಲ್ಲಿ ಜುಲೈ ಮಳೆಯಲ್ಲೂ ಓಡಿಸಿ ಅಭ್ಯಾಸವಿದೆ, ಹಿಮದಲ್ಲಿ ಇಲ್ಲ. ದಾರಿಯಲ್ಲಿ ಏಕಾಏಕಿ ಹಿಮ ಬಿದ್ದರೆ ಹೇಗೆ ಓಡಿಸಬೇಕು? ಫೋರ್ ಬೈ ಫೋರ್ ಇಲ್ಲದೆ ಹೋಗಲೇಬಾರದೇ?

ಉತ್ತರ: ಫೋರ್ ಬೈ ಫೋರ್ ಇಲ್ಲದೆಯೂ ಹೋಗಬಹುದು. ಆದರೆ ಹಿಮ ಬೀಳುತ್ತಿರುವಾಗ ಆ ದಾರಿಯಲ್ಲಿ ಬೆಟ್ಟಸಾಲು ದಾಟುವ ಎತ್ತರದ ಪಾಸ್ ಆದ ಬಾರಾಲಾಚಾ ಹತ್ತಬೇಡಿ. ಈ ಮಾತು ನಿಮ್ಮ ಕಾರಿಗೂ ಅಷ್ಟೇ, ಫೋರ್ ಬೈ ಫೋರ್‌ಗೂ ಅಷ್ಟೇ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋದರೆ ಗಾಡಿ ಹೊರಡಲು, ಏರು ಹತ್ತಲು ಅನುಕೂಲ. ನಿಲ್ಲಿಸುವಾಗ ಎಲ್ಲರಿಗೂ ಇರುವುದು ಅದೇ ನಾಲ್ಕು ಬ್ರೇಕು, ಅದೇ ನಾಲ್ಕು ಟೈರು. ಹಿಮದ ದಾರಿಯಲ್ಲಿ ಪ್ರಾಣಕ್ಕೆ ಕುತ್ತು ಬರುವುದು ಗಾಡಿ ಹತ್ತದೇ ಹೋದಾಗ ಅಲ್ಲ, ನಿಲ್ಲದೇ ಹೋದಾಗ.

ನಿಮ್ಮ ಘಾಟಿಯ ಅಭ್ಯಾಸದಲ್ಲಿ ಬಹಳಷ್ಟು ಅಲ್ಲಿಗೂ ಸಲ್ಲುತ್ತದೆ. ಹತ್ತಲು ಬೇಕಾದ ಗೇರ್‌ನಲ್ಲೇ ಇಳಿಯುವುದು, ನ್ಯೂಟ್ರಲ್ ಹಾಕದಿರುವುದು, ಹೇರ್‌ಪಿನ್ ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳುವುದು, ಏರು ಹತ್ತುವ ಗಾಡಿಗೆ ದಾರಿ ಬಿಡುವುದು, ಮಂಜಿನಲ್ಲಿ ಹೈ ಬೀಮ್ ಹಾಕದಿರುವುದು, ಇವು ಯಾವುದನ್ನೂ ಹೊಸದಾಗಿ ಕಲಿಯಬೇಕಿಲ್ಲ. ಬದಲಾಗುವುದು ಟೈರಿನ ಹಿಡಿತ ಒಂದೇ. ಆದರೆ ಅದು ಬದಲಾದರೆ ನಿಮ್ಮ ಕಾಲಿಗೂ ಕಣ್ಣಿಗೂ ಅಭ್ಯಾಸವಾದ ಅಂತರದ ಲೆಕ್ಕವೆಲ್ಲ ತಪ್ಪುತ್ತದೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದೀರಿ ಎಂದಿಟ್ಟುಕೊಳ್ಳಿ. ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಕಾರು ಸುಮಾರು 9 ಮೀಟರ್‌ನಲ್ಲಿ ನಿಲ್ಲುತ್ತದೆ, ಮಳೆಗೆ ನೆನೆದ ಡಾಂಬರಿನಲ್ಲಿ 13 ಮೀಟರ್. ಗಾಡಿಗಳು ತುಳಿದು ಗಟ್ಟಿಯಾದ ಹಿಮದಲ್ಲಿ ಅದು 30 ಮೀಟರ್ ದಾಟುತ್ತದೆ. ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟುತ್ತದೆ. ಬ್ರೇಕಿಗೆ ಕಾಲು ಹೋಗುವ ಒಂದು ಸೆಕೆಂಡಿನಲ್ಲಿ ಓಡಿದ 11 ಮೀಟರ್ ಬೇರೆ. ಇದೆಲ್ಲ ಸಮತಟ್ಟು ರಸ್ತೆಯ ಮಾತು. ನೂರು ಮೀಟರ್‌ಗೆ 6 ಮೀಟರ್ ಇಳಿಯುವ ಸಾಧಾರಣ ಇಳಿಜಾರಿನಲ್ಲಿ ಅದೇ ಮಂಜುಗಡ್ಡೆಯ ಮೇಲೆ ನಿಲ್ಲಲು 150 ಮೀಟರ್‌ಗೂ ಹೆಚ್ಚು ಬೇಕು. ನೂರಕ್ಕೆ 10 ಮೀಟರ್ ಇಳಿಯುವ ಕಡೆ ಬ್ರೇಕ್ ಎಷ್ಟೇ ಒತ್ತಿದರೂ ಗಾಡಿ ನಿಲ್ಲುವುದೇ ಇಲ್ಲ, ಏಕೆಂದರೆ ಇಳಿಜಾರಿನ ಎಳೆತವೂ ಟೈರಿನ ಹಿಡಿತವೂ ಅಲ್ಲಿ ಸಮಸಮ. ವೇಗ 20ಕ್ಕೆ ಇಳಿದರೆ ಬ್ರೇಕ್ ಹಿಡಿದ ಮೇಲಿನ ಈ ಎಲ್ಲ ದೂರವೂ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಿಮದಲ್ಲಿ ಚಾಲಕನ ಕೈಯಲ್ಲಿರುವ ಅತಿ ದೊಡ್ಡ ಉಪಾಯ ಇದೇ, ಮೊದಲೇ ನಿಧಾನವಾಗಿರುವುದು.

ತಿರುವಿನ ಲೆಕ್ಕವೂ ಹಾಗೆಯೇ. 15 ಮೀಟರ್ ತ್ರಿಜ್ಯದ ಹೇರ್‌ಪಿನ್ನನ್ನು ಒದ್ದೆ ಡಾಂಬರಿನಲ್ಲಿ ಗಂಟೆಗೆ 30 ಕಿ.ಮೀ. ತನಕ ಟೈರು ತಡೆದುಕೊಳ್ಳುತ್ತದೆ. ಗಟ್ಟಿ ಹಿಮದಲ್ಲಿ 19, ಮಂಜುಗಡ್ಡೆಯಲ್ಲಿ 14ಕ್ಕೆ ಹಿಡಿತ ಮುಗಿಯಿತು. ಇವು ಮಿತಿಗಳು. ಓಡಿಸಬೇಕಾದದ್ದು ಇವುಗಳ ಅರ್ಧ ವೇಗದಲ್ಲಿ.

ಇನ್ನೊಂದು ವಿಷಯ ಕರಾವಳಿಯವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಚಳಿ ಹೆಚ್ಚಿದಷ್ಟೂ ಜಾರಿಕೆ ಹೆಚ್ಚು ಎಂದುಕೊಳ್ಳುತ್ತೇವೆ. ನಿಜವಾಗಿ ಅತಿ ಹೆಚ್ಚು ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಮೈನಸ್ 15ರ ಒಣ ಹಿಮ ಟೈರಿನಡಿ ಕರಕರ ಎನ್ನುತ್ತದೆ, ಹಿಡಿತವನ್ನೂ ಕೊಡುತ್ತದೆ. ಸೊನ್ನೆಯ ಹತ್ತಿರ ಮಂಜುಗಡ್ಡೆಯ ಮೇಲೆ ನೀರಿನ ತೆಳು ಪೊರೆ ಇರುತ್ತದೆ. ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿ ನಡೆದವರಿಗೆ ಅದರ ಸ್ವಭಾವ ಗೊತ್ತು. ಅಕ್ಟೋಬರಿನ ಅಕಾಲ ಹಿಮ ಇಂಥದ್ದೇ: ಹಗಲು ಅರೆಬರೆ ಕರಗುತ್ತದೆ, ಸಂಜೆ ಮತ್ತೆ ಹೆಪ್ಪುಗಟ್ಟುತ್ತದೆ. ಜನವರಿಯ ಆಳವಾದ ಹಿಮಕ್ಕಿಂತ ಇದರಲ್ಲಿ ಓಡಿಸುವುದು ಕಷ್ಟ.

ಹಾಗಾಗಿ ಬಿಳಿ ಹಿಮಕ್ಕಿಂತ ಕಣ್ಣಿಗೆ ಕಾಣದ ಮಂಜುಗಡ್ಡೆಗೆ ಹೆಚ್ಚು ಹೆದರಬೇಕು. ಅದು ಡಾಂಬರಿನ ಮೇಲೆ ಬರೀ ನೀರಿನ ಹೊಳಪಿನಂತೆ ಕಾಣುತ್ತದೆ. ಬಿಸಿಲು ಬೀಳದ ಉತ್ತರ ಮುಖದ ತಿರುವು, ಸೇತುವೆಯ ಮೇಲ್ಮೈ, ಬೆಟ್ಟದ ನೀರು ರಸ್ತೆಗೆ ಅಡ್ಡಲಾಗಿ ಹರಿಯುವ ನಾಲೆ, ಇವು ಅದರ ಖಾಯಂ ಜಾಗಗಳು. ಸೇತುವೆಗೆ ಅಡಿಯಿಂದಲೂ ಗಾಳಿ ತಗಲುವುದರಿಂದ ಅದು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಕಾರಿನ ಪರದೆಯಲ್ಲಿ ಹೊರಗಿನ ತಾಪಮಾನ 3 ಡಿಗ್ರಿಗೆ ಇಳಿದರೆ ಒದ್ದೆ ಕಂಡ ಕಡೆಯೆಲ್ಲ ಮಂಜುಗಡ್ಡೆ ಎಂದೇ ತಿಳಿಯಿರಿ. ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗಿ ಸ್ಟಿಯರಿಂಗ್ ಹಗುರವಾದರೆ ನೀವು ಆಗಲೇ ಅದರ ಮೇಲಿದ್ದೀರಿ. ಆಗ ಬ್ರೇಕೂ ಬೇಡ, ಸ್ಟಿಯರಿಂಗ್ ತಿರುಗಿಸುವುದೂ ಬೇಡ, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು ನೇರವಾಗಿ ದಾಟಿ.

ಈಗ ನಿಮ್ಮ ದಾರಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಬಾರಾಲಾಚಾ ಸುಮಾರು 4,890 ಮೀಟರ್. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮನಾಲಿಯಲ್ಲಿ 10 ಡಿಗ್ರಿ ಇದ್ದು ಮಳೆ ಹನಿಯುತ್ತಿದ್ದರೆ ಬಾರಾಲಾಚಾದಲ್ಲಿ ಮೈನಸ್ 8ರ ಸುಮಾರು, ಅಲ್ಲಿ ಬೀಳುತ್ತಿರುವುದು ಹಿಮ. ಆಗುಂಬೆಗೆ ಹತ್ತುವಾಗ ಕೆಳಗೂ ಮಳೆ, ಮೇಲೂ ಮಳೆ, ಇಲ್ಲಿ ಹಾಗಲ್ಲ. 2020ರ ಅಕ್ಟೋಬರ್ 3ರಂದು ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ರೋಹ್ತಾಂಗ್ ಪಾಸ್ ಹತ್ತುವ ಕಷ್ಟವನ್ನು ತಪ್ಪಿಸಿದೆ ನಿಜ, ಆದರೆ ಸುರಂಗದ ಬಾಯಿಗಳೇ 3,000 ಮೀಟರ್‌ಗಿಂತ ಮೇಲಿವೆ. 2024ರ ಡಿಸೆಂಬರ್‌ನಲ್ಲಿ ಸೊಲಂಗ್ ಮತ್ತು ಸುರಂಗದ ನಡುವೆ ಸಾವಿರದಷ್ಟು ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡದ್ದು ಮನಾಲಿಯ ಮಗ್ಗುಲಲ್ಲೇ.

ಅಕಾಲ ಎಂಬ ಮಾತನ್ನೂ ಹೆಚ್ಚು ನಂಬಬೇಡಿ. 2018ರ ಸೆಪ್ಟೆಂಬರ್ ಕೊನೆಯಲ್ಲಿ ಸುರಂಗದ ಆಚೆ ಬದಿಯ ಲಾಹೌಲ್‌ನಲ್ಲಿ ಬಿದ್ದ ಹಿಮಕ್ಕೆ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. 2023ರಲ್ಲಿ ಜುಲೈ ತಿಂಗಳಲ್ಲೇ ಚಂದ್ರತಾಲ್ ಸರೋವರದ ಬಳಿ ಇನ್ನೂರೈವತ್ತಕ್ಕೂ ಹೆಚ್ಚು ಜನ ದಿನಗಟ್ಟಲೆ ಸಿಲುಕಿದರು. ಅಕ್ಟೋಬರ್‌ನಲ್ಲಿ ಇನ್ನೊಂದು ತೊಡಕು ಸೇರುತ್ತದೆ: ಬಾರಾಲಾಚಾದ ಆಚೆಯ ಭರತ್‌ಪುರ್, ಸರ್ಚೂ, ಪಾಂಗ್‌ಗಳಲ್ಲಿ ಊಟ, ಹಾಸಿಗೆ ಕೊಡುವ ಟೆಂಟಿನವರು ತಿಂಗಳು ಕಳೆಯುತ್ತಿದ್ದಂತೆ ಗಂಟುಮೂಟೆ ಕಟ್ಟುತ್ತಾರೆ. ಬೇಸಿಗೆಯಲ್ಲಿ ಕೆಟ್ಟು ನಿಂತರೆ ಯಾರಾದರೂ ಸಿಗುತ್ತಾರೆ, ಆಗ ಸಿಗದಿರಬಹುದು.

ನಿರ್ಧಾರ ಮಾಡಬೇಕಾದ ಜಾಗ ಬಾರಾಲಾಚಾ ಹತ್ತುವ ಮೊದಲು ಸಿಗುವ ಜಿಸ್ಪಾ ಮತ್ತು ದಾರ್ಚಾ. ಎರಡೂ 3,200ರಿಂದ 3,400 ಮೀಟರ್ ಎತ್ತರದಲ್ಲಿವೆ, ಮಲಗಲು ಸುರಕ್ಷಿತ. ದಾರ್ಚಾದಲ್ಲಿ ಪೊಲೀಸ್ ಚೆಕ್‌ಪೋಸ್ಟ್ ಇದೆ; ಮುಂದಿನ ಸ್ಥಿತಿಯನ್ನು ಅಲ್ಲಿ ಕೇಳಿ, ಬೇಡ ಎಂದರೆ ವಾದಿಸಬೇಡಿ. ಎದುರಿನಿಂದ ಬರುವ ಲಾರಿಗಳನ್ನು ಗಮನಿಸಿ. ಅವುಗಳ ತಲೆಯ ಮೇಲೆ ಹೊಸ ಹಿಮ ಕೂತಿದ್ದರೆ ಪಾಸ್‌ನಲ್ಲಿ ಬೀಳುತ್ತಿದೆ. ಅರ್ಧ ಗಂಟೆಯಾದರೂ ಎದುರಿನಿಂದ ಒಂದೂ ಗಾಡಿ ಬಾರದಿದ್ದರೆ ಮೇಲೆ ರಸ್ತೆ ಕಟ್ಟಿದೆ ಎಂದೇ ಹಿಡಿಯಿರಿ. ಜೂನ್, ಜುಲೈಯಲ್ಲಿ ನಾಲೆಗಳು ಮಧ್ಯಾಹ್ನ ಉಕ್ಕುವುದರಿಂದ ನಸುಕಿನಲ್ಲೇ ಹೊರಡಿ ಎನ್ನುತ್ತಾರೆ. ಅಕ್ಟೋಬರ್‌ಗೆ ಆ ಸಲಹೆ ಹೊಂದುವುದಿಲ್ಲ, ನಸುಕಿನಲ್ಲಿ ಆ ನಾಲೆಗಳೇ ಹೆಪ್ಪುಗಟ್ಟಿರುತ್ತವೆ. ಜಿಸ್ಪಾದಿಂದ ಏಳಕ್ಕೆ ಹೊರಟರೆ ಮೇಲೆ ತಲುಪುವ ಹೊತ್ತಿಗೆ ರಸ್ತೆಗೆ ಬಿಸಿಲು ಬಿದ್ದಿರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಾಮಾನ್ಯ, ಮಧ್ಯಾಹ್ನ ಒಂದು ಗಂಟೆಯೊಳಗೆ ಪಾಸ್ ದಾಟುವ ಹಾಗಿಲ್ಲದಿದ್ದರೆ ಆ ದಿನ ಬಿಟ್ಟುಬಿಡಿ. ಹೊರಟ ಮೇಲೆ ಹಿಮ ಶುರುವಾದರೆ, ಡಾಂಬರಿನ ಕಪ್ಪು ಕಾಣುತ್ತಿರುವಾಗಲೇ ತಿರುಗಬೇಕು. ಗಾಲಿಯ ಕಪ್ಪು ಜಾಡೂ ಮುಚ್ಚಿದ ಮೇಲೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ತಿರುಗಿಸಲು ಅಗಲದ ಜಾಗ ನೋಡಿ, ಒಬ್ಬರು ಇಳಿದು ಕೈ ತೋರಿಸಲಿ, ಗಾಡಿಯ ಹಿಂಭಾಗ ದರೆಯ ಕಡೆಗಿರಲಿ. ಆಗ ಪ್ರಪಾತದ ಅಂಚು ನಿಮ್ಮ ಕಣ್ಣೆದುರಿಗೇ ಇರುತ್ತದೆ. ದರೆಯ ಬುಡದ ಚರಂಡಿ ಹಿಮದಡಿ ಮುಚ್ಚಿರಬಹುದು ಎಂಬುದು ನೆನಪಿರಲಿ.

ಇಷ್ಟೆಲ್ಲ ಮಾಡಿಯೂ ಹಿಮದಲ್ಲೇ ಓಡಿಸಬೇಕಾಗಿ ಬಂದರೆ, ಕೈ ಕಾಲುಗಳ ಎಲ್ಲ ಚಲನೆಯೂ ನಿಧಾನ. ಎರಡನೇ ಗೇರ್‌ನಲ್ಲಿ ಹೊರಡಿ, ಒಂದನೇ ಗೇರ್‌ನ ಬಲಕ್ಕೆ ಚಕ್ರ ಇದ್ದಲ್ಲೇ ಸುತ್ತುತ್ತದೆ. ಏರಿನಲ್ಲಿ ಮುಂದಿನ ಲಾರಿಗೆ ಅಂಟಿಕೊಂಡು ಹೋಗಬೇಡಿ. ಅದು ಏರು ಮುಗಿಸುವ ತನಕ ಕೆಳಗೆ ಸಮತಟ್ಟಿನಲ್ಲಿ ಕಾಯಿರಿ, ಆಮೇಲೆ ಒಂದೇ ವೇಗದಲ್ಲಿ, ಗೇರ್ ಬದಲಿಸದೆ ಹತ್ತಿ. ನಡು ಏರಿನಲ್ಲಿ ನಿಂತರೆ ಮತ್ತೆ ಹೊರಡುವುದು ಬಹಳ ಕಷ್ಟ. ಚಕ್ರ ಸುತ್ತತೊಡಗಿದರೆ ಆಕ್ಸಿಲರೇಟರ್ ಇನ್ನೂ ಒತ್ತಬಾರದು, ಅದು ಅಡಿಯ ಹಿಮವನ್ನು ಉಜ್ಜಿ ಮಂಜುಗಡ್ಡೆ ಮಾಡುತ್ತದೆ.

ಇಳಿಯುವಾಗ ಒಂದು ಅಥವಾ ಎರಡನೇ ಗೇರ್. ಘಾಟಿಯವರು ಒಂದು ಕಡೆ ಎಡವುವುದು ಇಲ್ಲಿಯೇ: ವೇಗದಲ್ಲಿದ್ದಾಗ ಗೇರ್ ಇಳಿಸಿ ಕ್ಲಚ್ ಥಟ್ಟನೆ ಬಿಡುವುದು. ಮಳೆಯಲ್ಲಿ ಅದು ಕಾರನ್ನು ಹಿಡಿದು ನಿಲ್ಲಿಸುತ್ತದೆ, ಹಿಮದಲ್ಲಿ ಮುಂದಿನ ಚಕ್ರಗಳ ಹಿಡಿತ ಕಳಚುತ್ತದೆ. ಫ್ರಂಟ್ ವೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗೂ ಹೋಯಿತು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಕ್ಲಚ್ ಮೆಲ್ಲಗೆ ಬಿಡಿ. ಬ್ರೇಕ್ ಬೇಕಾದರೆ ನೇರ ರಸ್ತೆಯಲ್ಲೇ ಮುಗಿಸಿ, ತಿರುವಿನೊಳಗೆ ಕಾಲು ಬ್ರೇಕಿನಿಂದ ದೂರವಿರಲಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಕಾಲಿನಡಿ ಕಟಕಟ ನಡುಗುತ್ತದೆ, ಹೆದರಿ ಕಾಲು ತೆಗೆಯಬೇಡಿ. ಎಬಿಎಸ್ ಸ್ಟಿಯರಿಂಗನ್ನು ಉಳಿಸಿಕೊಡುತ್ತದೆಯೇ ಹೊರತು ನಿಲ್ಲುವ ದೂರವನ್ನು ಕಡಿಮೆ ಮಾಡುತ್ತದೆಂಬ ಖಾತ್ರಿ ಇಲ್ಲ. ಸಡಿಲ ಹಿಮದಲ್ಲಿ ದೂರ ಹೆಚ್ಚಲೂಬಹುದು.

ತಿರುಗಿಸಿದರೂ ಕಾರು ತಿರುಗದೆ ನೇರ ಹೋಗುತ್ತಿದ್ದರೆ ಇನ್ನಷ್ಟು ತಿರುಗಿಸುವುದು ಎಲ್ಲರಿಗೂ ಬರುವ ಬುದ್ಧಿ. ಮಾಡಬೇಕಾದದ್ದು ಅದರ ವಿರುದ್ಧ: ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗನ್ನು ಸ್ವಲ್ಪ ನೇರ ಮಾಡಿ, ಟೈರು ಮತ್ತೆ ಕಚ್ಚಿದಾಗ ಮೆಲ್ಲಗೆ ತಿರುಗಿಸಿ. ಹಿಂಭಾಗ ಜಾರಿದರೆ ಅದು ಹೋಗುವ ಕಡೆಗೇ ಸ್ಟಿಯರಿಂಗ್ ತಿರುಗಿಸಿ, ಕ್ಲಚ್ ಒತ್ತಿ, ನೋಟ ನೀವು ಹೋಗಬೇಕಾದ ಕಡೆಗಿರಲಿ. ಲಾರಿಗಳ ಜಾಡು ಹೊಳೆಯುತ್ತಿದ್ದರೆ ಅದು ಗಾಜಿನಂತೆ ನಯವಾಗಿದೆ ಎಂದರ್ಥ. ಅಗಲವಿದ್ದರೆ ದರೆ ಬದಿಯ ಹೊಸ ಹಿಮದಲ್ಲಿ ಒಂದು ಜೊತೆ ಚಕ್ರ ಇಟ್ಟುಕೊಂಡು ಹೋಗಿ, ಹಿಡಿತ ಹೆಚ್ಚು. ಪ್ರಪಾತದ ಬದಿಗೆ ಹಿಮ ಸಮತಟ್ಟಾಗಿ ಕಂಡರೂ ಅಡಿಯಲ್ಲಿ ರಸ್ತೆ ಇರಬೇಕೆಂದಿಲ್ಲ.

ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಸುತ್ತುವ ಚೈನ್ ಒಂದು ಜೊತೆ ತೆಗೆದುಕೊಳ್ಳಿ, ನಿಮ್ಮ ಟೈರಿನ ಅಳತೆಯದ್ದೇ, ಮತ್ತು ಅದನ್ನು ಉಡುಪಿಯ ಮನೆಯಂಗಳದಲ್ಲೇ ಹಾಕಿ ತೆಗೆದು ಕಲಿಯಿರಿ. ಮರಗಟ್ಟಿದ ಬೆರಳಲ್ಲಿ ಮೊದಲ ಬಾರಿ ಕಲಿಯುವ ವಿದ್ಯೆ ಅಲ್ಲ ಅದು. ನಿಮ್ಮ ಕಾರಿಗೆ ಮುಂದಿನ ಚಕ್ರಗಳಿಗೆ ಕಟ್ಟಬೇಕು. ಸಿಕ್ಕಿಕೊಂಡ ಮೇಲಲ್ಲ, ಮೊದಲೇ ಸಮತಟ್ಟು ಜಾಗದಲ್ಲಿ ಹಾಕಿ. ಸ್ವಲ್ಪ ದೂರ ಹೋಗಿ ಇಳಿದು ಮತ್ತೆ ಬಿಗಿ ಮಾಡಿ, 30 ಕಿ.ಮೀ. ವೇಗ ಮೀರಬೇಡಿ, ಬರೀ ಡಾಂಬರು ಬಂದೊಡನೆ ಬಿಚ್ಚಿ.

ಊರಿನಲ್ಲೇ ಮಾಡಿಸಬೇಕಾದ ಕೆಲಸಗಳಲ್ಲಿ ಮೊದಲನೆಯದು ಕೂಲೆಂಟ್. ನಮ್ಮ ಸೆಖೆಯಲ್ಲಿ ರೇಡಿಯೇಟರ್‌ಗೆ ಬರೀ ನೀರು ಸೇರಿಸುತ್ತಾ ಬಂದರೂ ಗಾಡಿ ಓಡುತ್ತದೆ, ಹಾಗಾಗಿ ಎಷ್ಟೋ ಕಾರುಗಳಲ್ಲಿ ಕೂಲೆಂಟ್ ಹೆಸರಿಗಷ್ಟೇ ಉಳಿದಿರುತ್ತದೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ, ರೇಡಿಯೇಟರ್ ಒಡೆಯಲು, ಎಂಜಿನ್ ಬ್ಲಾಕ್ ಸೀಳಲು ಅಷ್ಟು ಸಾಕು. ಹಳೆಯದನ್ನು ಪೂರ್ತಿ ತೆಗೆಸಿ, ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಮೈನಸ್ 35ರ ತನಕ ಚಿಂತೆಯಿಲ್ಲ. ರೆಡಿ ಮಿಕ್ಸ್ ಡಬ್ಬಿಯದ್ದಾದರೆ ಅದಕ್ಕೆ ಮತ್ತೆ ನೀರು ಸೇರಿಸಬಾರದು. ವೈಪರ್ ನೀರಿನ ಟ್ಯಾಂಕಿನಲ್ಲೂ ಬರೀ ನೀರು ಉಳಿಯಬಾರದು.

ಎರಡನೆಯದು ಡೀಸೆಲ್. ಚಳಿಗೆ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಎಂಜಿನ್ ಬೆಳಿಗ್ಗೆ ಚಾಲೂ ಆಗುವುದಿಲ್ಲ. ಭಾರತದ ಮಾನದಂಡದಲ್ಲಿ ಬೇಸಿಗೆಯ ಡೀಸೆಲ್ 15 ಡಿಗ್ರಿಯಷ್ಟರಲ್ಲೇ ಹರಿಯುವುದು ನಿಂತರೂ ಒಪ್ಪಿಗೆಯಾಗುತ್ತದೆ, ಚಳಿಗಾಲದ್ದಕ್ಕೆ ಆ ಮಿತಿ 3 ಡಿಗ್ರಿ. ಬಯಲಿನಲ್ಲಿ ತುಂಬಿಸಿದ್ದನ್ನು ಆದಷ್ಟು ಖಾಲಿ ಮಾಡಿಕೊಂಡು ಮನಾಲಿಯಲ್ಲಿ, ಆಮೇಲೆ ಸುರಂಗ ದಾಟಿದ ಮೇಲೆ ಸಿಗುವ ತಾಂಡಿಯಲ್ಲಿ ಟ್ಯಾಂಕ್ ಭರ್ತಿ ಮಾಡಿ. ತಾಂಡಿ ಬಂಕಿನ ಬಳಿಯ ಫಲಕ ಮುಂದಿನ ಬಂಕ್ 365 ಕಿ.ಮೀ. ಎನ್ನುತ್ತದೆ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಬದಲಿಸಿಯೇ ಹೊರಡಿ, ಕಡು ಚಳಿಯಲ್ಲಿ ಅದರ ಶಕ್ತಿ ಅರ್ಧದಷ್ಟಾಗುತ್ತದೆ.

ಟೈರಿನ ಗಾಳಿಯ ಬಗ್ಗೆ ಗೊಂದಲದ ಸಲಹೆಗಳು ಬಹಳ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ತಗ್ಗಿ ಮೀಟರಿನಲ್ಲಿ ಟೈರಿನ ಅಂಕಿ ಏರುತ್ತದೆ. ಚಳಿಗೆ ಅದೇ ಅಂಕಿ ಇಳಿಯುತ್ತದೆ. ಉಡುಪಿಯ 30 ಡಿಗ್ರಿಯಲ್ಲಿ 32 ತುಂಬಿಸಿದ ಟೈರು ಬಾರಾಲಾಚಾದ ಮೈನಸ್ 5ರಲ್ಲಿ ಸುಮಾರು 33 ತೋರಿಸುತ್ತದೆ, ಎರಡೂ ಪರಿಣಾಮ ಒಂದನ್ನೊಂದು ಹೊಡೆದುಹಾಕುತ್ತವೆ. ಹಿಮ ಎಂದು ಗಾಳಿ ತೆಗೆಯಬೇಡಿ. ಮನಾಲಿಯಲ್ಲಿ ಬೆಳಿಗ್ಗೆ, ಗಾಡಿ ಓಡುವ ಮೊದಲು, ಕಂಪನಿ ಹೇಳಿದಷ್ಟಕ್ಕೆ ಸರಿಮಾಡಿಕೊಳ್ಳಿ. ಟೈರಿನ ಗೀರಿನ ಆಳ ಕಾನೂನಿಗೆ 1.6 ಮಿ.ಮೀ. ಸಾಕು, ಹಿಮಕ್ಕೆ 4 ಮಿ.ಮೀ. ಬೇಕು.

ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ, ಎರಡು ತೆಂಗಿನ ನಾರಿನ ಮ್ಯಾಟ್ ಅಥವಾ ಗೋಣಿಚೀಲ, ಎಳೆಯುವ ಹಗ್ಗ, ಜಂಪರ್ ಕೇಬಲ್, ಟಾರ್ಚ್ ಇರಲಿ. ಚಕ್ರ ಹೂತರೆ ಮುಂದಿನ ಹಿಮ ತೋಡಿ, ಚಕ್ರದಡಿ ಮ್ಯಾಟ್ ತುರುಕಿ. ಆಗ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಇದ್ದಲ್ಲೇ ಸುತ್ತದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಹೊರಬಂದ ತಕ್ಷಣ ಮತ್ತೆ ಆನ್. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆಯಾದ ಬ್ರೇಕ್ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ. ಸಮತಟ್ಟಿನಲ್ಲಿ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ವೈಪರ್‌ಗಳನ್ನು ಗಾಜಿನಿಂದ ಎತ್ತಿಡಿ.

ಮಕ್ಕಳಿರುವುದರಿಂದ ಒಂದು ಮಾತು. ಸಮುದ್ರ ಮಟ್ಟದಿಂದ ಹೋದವರು ಜಿಸ್ಪಾದಿಂದ ನೇರ 4,290 ಮೀಟರಿನ ಸರ್ಚೂವಿಗೆ ಹೋಗಿ ಮಲಗುವುದು ಹಿಮವಿಲ್ಲದಾಗಲೂ ಒಳ್ಳೆಯದಲ್ಲ. ಹಿಮಕ್ಕೆ ಸಿಕ್ಕಿ ಅಲ್ಲೇ ಉಳಿಯಬೇಕಾದರೆ ತಲೆನೋವು, ವಾಂತಿ ಶುರುವಾದ ಮಗುವನ್ನು ಕೆಳಗಿಳಿಸಲು ದಾರಿಯೇ ಇರುವುದಿಲ್ಲ. ಅಕ್ಟೋಬರ್‌ನಲ್ಲಿ ಲೇಹ್ ನೋಡಲೇಬೇಕೆಂದಿದ್ದರೆ ಶ್ರೀನಗರ, ಕಾರ್ಗಿಲ್ ದಾರಿ ಮೇಲು. ಅಲ್ಲಿ ಜೋಜಿಲಾ 3,528 ಮೀಟರ್, ಅತಿ ಎತ್ತರದ ಫೋಟುಲಾ 4,108 ಮೀಟರ್, ರಾತ್ರಿ ತಂಗುವ ಕಾರ್ಗಿಲ್ ಇನ್ನೂ ಕೆಳಗೆ. ಮನಾಲಿ ಕಡೆಯೇ ಬೇಕೆಂದರೆ ಸುರಂಗ ದಾಟಿ ಲಾಹೌಲ್‌ನಲ್ಲಿ ಎರಡು ಮೂರು ರಾತ್ರಿ ಇದ್ದು, ಆಕಾಶ ತಿಳಿಯಾದ ದಿನ ದೀಪಕ್ ತಾಲ್, ಸೂರಜ್ ತಾಲ್ ಸರೋವರಗಳನ್ನು ನೋಡಿ ಹಿಂದಿರುಗಿ. ಆ ರಸ್ತೆಯ ಚೆಲುವಿನ ಬಹುಪಾಲು ಅಷ್ಟರಲ್ಲೇ ಇದೆ.

ಕೊನೆಗೂ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆದು ಹೋಗಬೇಡಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು. ಹೀಟರ್‌ಗಾಗಿ ಎಂಜಿನ್ ಓಡುತ್ತಿತ್ತು, ಸೈಲೆನ್ಸರ್ ಕೊಳವೆ ಹಿಮದಲ್ಲಿ ಮುಚ್ಚಿತ್ತು, ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿತು. ಹಲವರ ಸಾವು ಹೀಗಾಯಿತು. ಆ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಂತೆ ಬರುತ್ತದೆ. ಪ್ರತಿ ಬಾರಿ ಎಂಜಿನ್ ಚಾಲೂ ಮಾಡುವ ಮೊದಲು ಇಳಿದು ಸೈಲೆನ್ಸರ್ ಸುತ್ತಲಿನ ಹಿಮ ತೆಗೆಯಿರಿ, ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಿ, ಗಾಳಿ ಬೀಸದ ಬದಿಯ ಕಿಟಕಿಯನ್ನು ಒಂದು ಬೆರಳು ತೆರೆದಿಡಿ. ಒಬ್ಬರಾದರೂ ಎಚ್ಚರವಿರಬೇಕು. ಎಂಜಿನ್ ನಂಬದೆ ಬದುಕಲು ತಲೆಗೊಂದು ಕಂಬಳಿ, ಒಣ ಕಾಲುಚೀಲ, ನಾಲ್ವರಿಗೆ ಎರಡು ದಿನದ ನೀರು, ಬೇಯಿಸಬೇಕಿಲ್ಲದ ತಿಂಡಿ ಒಳಗೇ ಇರಲಿ, ಡಿಕ್ಕಿಯಲ್ಲಿ ಬೇಡ.

ದಾರ್ಚಾ ಬಿಟ್ಟ ಮೇಲೆ ದಾರಿಯ ಬಹುಪಾಲಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಲಡಾಖ್‌ನಲ್ಲಿ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಒಂದಾದರೂ ಇರಲಿ. ಜಿಸ್ಪಾದಲ್ಲಿ ನೀವು ತಂಗಿದ ಮನೆಯವರಿಗೆ ಗಾಡಿ ನಂಬರ್, ಎಷ್ಟು ಜನ, ಎಷ್ಟು ಹೊತ್ತಿಗೆ ಎಲ್ಲಿ ತಲುಪುತ್ತೀರಿ ಎಂದು ಚೀಟಿ ಬರೆದುಕೊಟ್ಟು, ತಲುಪಿದ ಕೂಡಲೇ ಫೋನ್ ಮಾಡುತ್ತೇವೆ, ಮರುದಿನ ಬೆಳಿಗ್ಗೆಯೊಳಗೆ ಬಾರದಿದ್ದರೆ ದಾರ್ಚಾ ಚೆಕ್‌ಪೋಸ್ಟಿಗೆ ತಿಳಿಸಿ ಎಂದು ಹೇಳಿ ಹೊರಡಿ.